ಬೀಟಲ್ ಸ್ಟೀರಿಂಗ್ ರಿಪೇರಿ: ಬಾಕ್ಸಿನ ಸ್ಕ್ರೂ ಮುಟ್ಟುವ ಮೊದಲು

ನೇರ ರಸ್ತೆಯಲ್ಲೂ ಸ್ಟೀರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿದ್ದುತ್ತಲೇ ಇರಬೇಕು. 1967ರ ಫೋಕ್ಸ್‌ವ್ಯಾಗನ್ ಬೀಟಲ್ ನನ್ನ ಕೈಗೆ ಬಂದಾಗ ಇದ್ದ ಸ್ಥಿತಿ ಇದು. ಚಕ್ರ ನೇರ ನಿಲ್ಲಿಸಿ, ಕಿಟಕಿಯಿಂದ ಕೈ ಹಾಕಿ ಸ್ಟೀರಿಂಗ್ ವೀಲ್ ಅಲ್ಲಾಡಿಸಿ ನೋಡಿದೆ. ಟೈರ್ ಅಲುಗುವ ಮೊದಲು ವೀಲಿನ ಅಂಚು ಸುಮಾರು 45 ಮಿಲಿಮೀಟರ್ ಸುಮ್ನೆ ಓಡಾಡುತ್ತಿತ್ತು. ಸ್ವಲ್ಪ ವೇಗ ಹಿಡಿದರೆ ನಡುಕ ಬೇರೆ. ಹಾರ್ನ್ ಕೂಡ ಮನಸ್ಸು ಬಂದಾಗ ಮಾತ್ರ ಕೂಗುತ್ತಿತ್ತು. ಅದಕ್ಕೂ ಸ್ಟೀರಿಂಗಿಗೂ ಸಂಬಂಧ ಇದೆ, ಮುಂದೆ ಹೇಳುತ್ತೇನೆ.

ಬೀಟಲ್‌ನಲ್ಲಿ ಪ್ಲೇ (ಹೀಗೆ ಸುಮ್ನೆ ಓಡಾಡುವ ಸಡಿಲ) ಜಾಸ್ತಿ ಆಯಿತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಬಾಕ್ಸ್ ಟೈಟ್ ಮಾಡು. ಬಾಕ್ಸ್ ಅಂದರೆ ವೀಲಿನ ತಿರುವನ್ನು ಚಕ್ರಗಳ ಕಡೆ ದಾಟಿಸುವ ಸ್ಟೀರಿಂಗ್ ಗೇರ್ ಬಾಕ್ಸ್. ಮಾಡೋದು ಸುಲಭ ಕೂಡ. ಮುಂದಿನ ಬಾನೆಟ್ ತೆಗೆದು ಸ್ಟೆಪ್ನಿ ಎತ್ತಿದರೆ ಅದರ ಕೆಳಗೆ ಒಂದು ಮುಚ್ಚಳ ಸಿಗುತ್ತದೆ. ಅದನ್ನು ತೆಗೆದರೆ ಬಾಕ್ಸಿನ ತಲೆ ಮೇಲಿನ ಸ್ಕ್ರೂ ಮತ್ತು ಲಾಕ್ ನಟ್ ಎದುರಿಗೇ ಇರುತ್ತವೆ. ಇಷ್ಟು ಸುಲಭವಾಗಿ ಕೈಗೆ ಸಿಗುವುದೇ ಅದರ ಗ್ರಹಚಾರ. ಬೇರೆ ಕಡೆ ಸವೆದ ಭಾಗಗಳ ಸಡಿಲವನ್ನೆಲ್ಲ ಈ ಒಂದು ಸ್ಕ್ರೂ ತಿರುಗಿಸಿ ಮುಚ್ಚಿಹಾಕುತ್ತಾರೆ. ಆಮೇಲೆ ಬಾಕ್ಸಿನೊಳಗಿನ ವರ್ಮ್ (ಸುರುಳಿ ಹಲ್ಲಿನ ಶಾಫ್ಟ್) ಮತ್ತು ಅದರ ಹಲ್ಲಿನಲ್ಲಿ ಉರುಳುವ ರೋಲರ್ ಒಂದನ್ನೊಂದು ತಿನ್ನಲು ಶುರು ಮಾಡುತ್ತವೆ. ನನ್ನ ಗಾಡಿಯ ಸ್ಕ್ರೂ ಮೇಲೂ ಪಾನಾ ಜಾರಿದ ಗುರುತುಗಳಿದ್ದವು. ಅದನ್ನು ನೋಡಿಯೇ ತೀರ್ಮಾನ ಮಾಡಿದೆ: ಚಕ್ರದ ಕಡೆಯಿಂದ ಶುರು ಮಾಡೋಣ, ಬಾಕ್ಸ್ ಕೊನೆಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರೆದಿರುವುದು ಮುಂದೆ ಎರಡು ಅಡ್ಡ ಕೊಳವೆಗಳ ಬೀಮ್, ಅದರೊಳಗೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಪಟ್ಟಿಗಳು ಇರುವ ಬೀಟಲ್‌ಗೆ. ಅದರಲ್ಲೂ ಬಾಲ್ ಜಾಯಿಂಟ್, ಅಂದರೆ ಗುಂಡು ಕೀಲು ಇರುವ ಮಾದರಿಗೆ. ಅದು ಬಂದದ್ದು 1965ರ ಆಗಸ್ಟಿನಿಂದ, ಅಂದರೆ 1966ರ ಮಾದರಿಯಿಂದ. ಅದಕ್ಕೂ ಹಳೆಯದಾದರೆ ಕಿಂಗ್ ಪಿನ್ ಮತ್ತು ಲಿಂಕ್ ಪಿನ್ ಇರುತ್ತವೆ, ಆ ಕೆಲಸವೇ ಬೇರೆ. 1302 ಮತ್ತು 1303 ಮಾದರಿಗಳಲ್ಲಿ ಮುಂದೆ ಸ್ಟ್ರಟ್ ಇದೆ. 1975ರ 1303ಕ್ಕಂತೂ ಬಾಕ್ಸೇ ಇಲ್ಲ, ರ‍್ಯಾಕ್ ಅಂಡ್ ಪಿನಿಯನ್.

ಸಡಿಲ ಎಲ್ಲಿದೆ?

ವೀಲಿನಿಂದ ಟೈರ್‌ವರೆಗೆ ದಾರಿ ಹೀಗಿದೆ. ಸ್ಟೀರಿಂಗ್ ಕಾಲಂ, ಅದರ ಕೆಳ ತುದಿಯಲ್ಲಿ ರಬ್ಬರ್ ಕಪ್ಲಿಂಗ್, ಆಮೇಲೆ ಬಾಕ್ಸ್, ಬಾಕ್ಸಿನಿಂದ ಹೊರಬರುವ ಡ್ರಾಪ್ ಆರ್ಮ್. ಡ್ರಾಪ್ ಆರ್ಮ್‌ನಿಂದ ಎರಡು ಟೈ ರಾಡ್, ಅಂದರೆ ಚಕ್ರಗಳನ್ನು ತಳ್ಳಿ ಎಳೆದು ತಿರುಗಿಸುವ ಸರಳುಗಳು. ಬಾಕ್ಸ್ ಡ್ರೈವರ್ ಪಕ್ಕದಲ್ಲೇ ಇರುವುದರಿಂದ ಆ ಕಡೆಯ ರಾಡ್ ಗಿಡ್ಡ, ಆಚೆ ಕಡೆಯದು ಉದ್ದ. ಎರಡು ರಾಡಿಗೆ ನಾಲ್ಕು ಎಂಡ್, ಅಂದರೆ ತುದಿಯ ಕೀಲು. ಅಲ್ಲಿಂದ ಸ್ಟೀರಿಂಗ್ ನಕಲ್ (ಚಕ್ರವನ್ನು ಹೊತ್ತು ತಿರುಗುವ ತುಂಡು), ಅದನ್ನು ಹಿಡಿದ ಬಾಲ್ ಜಾಯಿಂಟ್‌ಗಳು, ಕೊನೆಗೆ ಚಕ್ರದ ಬೇರಿಂಗ್. ಪ್ರತಿಯೊಂದರಲ್ಲೂ ಚೂರು ಚೂರು ಸಡಿಲ ಸೇರಿದರೆ ಸಾಕು. ಟೈ ರಾಡ್ ತುದಿಯ ಒಂದೇ ಮಿಲಿಮೀಟರ್ ಸಡಿಲ ವೀಲಿನ ಅಂಚಿಗೆ ಬರುವಾಗ ಹಲವು ಪಟ್ಟು ದೊಡ್ಡದಾಗಿರುತ್ತದೆ, ಯಾಕಂದರೆ ನಡುವೆ ಬಾಕ್ಸಿನ ಗೇರ್ ಅನುಪಾತ ಇದೆ.

ಪರೀಕ್ಷೆಗೆ ಇಬ್ಬರು ಬೇಕು. ಗಾಡಿ ನೆಲದ ಮೇಲೇ ಇರಲಿ, ಭಾರ ಟೈರ್ ಮೇಲೇ ಇರಲಿ. ಒಬ್ಬರು ವೀಲನ್ನು ಆ ಕಡೆ ಈ ಕಡೆ ಸಣ್ಣದಾಗಿ ಅಲ್ಲಾಡಿಸುತ್ತಿರಬೇಕು. ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಮೇಲೆ ಕೈ ಇಡಬೇಕು. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಜಾಯಿಂಟಿನ ಎರಡೂ ಭಾಗದ ಮೇಲೆ ಬೆರಳು ಬರುವಂತೆ ಹಿಡಿದರೆ, ಒಂದು ಚಲಿಸಿ ಇನ್ನೊಂದು ತಡವಾಗಿ ಚಲಿಸುವುದು ಟಕ್ ಎಂದು ತಾಗುತ್ತದೆ.

ಹೀಗೆ ನೋಡಿದಾಗ ಉದ್ದ ರಾಡಿನ ಎರಡೂ ಎಂಡ್ ಸತ್ತಿದ್ದವು. ಗಿಡ್ಡ ರಾಡಿನ ಹೊರ ಎಂಡ್ ಕೂಡ ಹೋಗಿತ್ತು. ಒಳಗಿನದು ಪರವಾಗಿಲ್ಲ, ಆದರೆ ರಬ್ಬರ್ ಬೂಟ್ ಹರಿದು ಗ್ರೀಸ್ ಜಾಗದಲ್ಲಿ ಕೆಂಪು ಮಣ್ಣು ತುಂಬಿತ್ತು. ಹೀಗಿರುವಾಗ ಮೂರು ಬದಲಿಸಿ ಒಂದನ್ನು ಬಿಡುವುದು ಅರ್ಥವಿಲ್ಲದ ಉಳಿತಾಯ. ನಾಲ್ಕೂ ಬದಲು.

ಆಮೇಲೆ ಮುಂಭಾಗ ಜಾಕ್ ಹಾಕಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಹಿಂದಿನ ಚಕ್ರಕ್ಕೆ ಅಡ್ಡೆ ಕೊಟ್ಟೆ. ಜಾಕ್ ಒಂದನ್ನೇ ನಂಬಿ ಕೆಳಗೆ ತಲೆ ಹಾಕಬೇಡಿ. ಚಕ್ರವನ್ನು ಮೇಲೆ ಕೆಳಗೆ, ಅಂದರೆ ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಬೇಕು. ಸಡಿಲ ಕಂಡರೆ ಬೇರಿಂಗೋ ಬಾಲ್ ಜಾಯಿಂಟೋ ಅಂತ ತಿಳಿಯಲು ಒಂದು ಉಪಾಯ ಇದೆ: ಜೊತೆಗಾರರಿಗೆ ಬ್ರೇಕ್ ತುಳಿಯಲು ಹೇಳಿ. ಬ್ರೇಕ್ ಹಿಡಿದಾಗ ಸಡಿಲ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಬಾಲ್ ಜಾಯಿಂಟ್, ಇಲ್ಲವೇ ಬೀಮ್ ಒಳಗಿನ ಟಾರ್ಷನ್ ಆರ್ಮ್ ಬೇರಿಂಗ್. ನನಗೆ ಎಡಗಡೆ ಕೆಳಗಿನ ಬಾಲ್ ಜಾಯಿಂಟ್ ಸಿಕ್ಕಿತು. ಬಲಗಡೆ ಬೇರಿಂಗ್ ಸ್ವಲ್ಪ ಸಡಿಲ, ಅಷ್ಟೇ. ಬಾಲ್ ಜಾಯಿಂಟಿನಲ್ಲಿ ಸಣ್ಣ ಸವೆತ ಇದ್ದರೆ ಕೈಯಲ್ಲಿ ಅಲ್ಲಾಡಿಸಿದರೆ ತಿಳಿಯದು. ಆರ್ಮ್ ಮತ್ತು ನಕಲ್ ನಡುವೆ ಉದ್ದ ಲಿವರ್ ಕೊಟ್ಟು ಮೀಟಿಯೇ ನೋಡಬೇಕು.

ಟೈ ರಾಡ್

ಇಡೀ ಕೆಲಸದಲ್ಲಿ ಬೆವರು ಇಳಿಸಿದ್ದು ಇದೇ. ಟೈ ರಾಡ್ ಎಂಡಿನ ಸ್ಟಡ್ ಕೋನಾಕಾರ, ಟೇಪರ್. ಅದು ಆರ್ಮ್‌ನ ಟೇಪರ್ ತೂತಿನಲ್ಲಿ ಕಚ್ಚಿ ಕೂತಿರುತ್ತದೆ. ನಟ್ ತೆಗೆದ ಮೇಲೂ ಅದು ಇಳಿಯುವುದಿಲ್ಲ. ಅರ್ಧ ಶತಮಾನದ ತುಕ್ಕು ಸೇರಿದರೆ ಕೇಳಲೇಬೇಡಿ. ಮೊದಲೇ ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟಿದ್ದೆ.

ಕವಲು ಕಬ್ಬಿಣ ತುರುಕಿ ಹೊಡೆದರೆ ಬರುತ್ತದೆ, ನಿಜ. ಆದರೆ ಅದು ಬೂಟನ್ನು ಹರಿಯದೆ ಬಿಡುವುದಿಲ್ಲ. ಎಸೆಯುವ ಎಂಡ್ ಆದರೆ ಪರವಾಗಿಲ್ಲ, ಉಳಿಸಬೇಕಾದದ್ದಾದರೆ ಬೇಡ. ಸ್ಟಡ್ಡಿನ ತುದಿಗೆ ಸುತ್ತಿಗೆಯಲ್ಲಿ ಹೊಡೆಯುವುದಂತೂ ಬೇಡವೇ ಬೇಡ. ತುದಿ ಅಣಬೆಯಂತೆ ಅರಳಿಕೊಂಡು ತೂತಿನಿಂದ ಹೊರಗೇ ಬರದು. ನಾನು ಮಾಡಿದ್ದು ಹೀಗೆ. ಕಾಟರ್ ಪಿನ್ ತೆಗೆದು, ನಟ್ ಸಡಿಲಿಸಿ, ಕೊನೆಯ ಕೆಲವು ಸುತ್ತು ಹಾಗೇ ಬಿಟ್ಟೆ. ರಾಡ್ ದಿಢೀರನೆ ಬಿದ್ದು ಮುಖಕ್ಕೆ ಬಡಿಯಬಾರದಲ್ವಾ? ಪುಲ್ಲರ್ (ಸ್ಕ್ರೂ ಬಿಗಿ ಮಾಡಿ ಸ್ಟಡ್ಡನ್ನು ತೂತಿನಿಂದ ತಳ್ಳುವ ಸಾಧನ) ಹಾಕಿ ಬಿಗಿ ಮಾಡಿ, ಆ ಒತ್ತಡ ಇರುವಾಗಲೇ ಆರ್ಮ್‌ನ ಕಣ್ಣಿನ ಪಕ್ಕಕ್ಕೆ ಸುತ್ತಿಗೆ ಏಟು. ಆಚೆ ಬದಿಗೆ ಇನ್ನೊಂದು ಭಾರದ ಸುತ್ತಿಗೆ ಆನಿಸಿ ಹಿಡಿದಿದ್ದೆ. ಏಟು ಬಿದ್ದಾಗ ಕಣ್ಣು ಕ್ಷಣಮಾತ್ರ ಅಂಡಾಕಾರ ಆಗುತ್ತದೆ, ಟೇಪರ್ ಹಿಡಿತ ಬಿಡುತ್ತದೆ. ಢಂ ಅಂತ ಶಬ್ದ ಬಂದರೆ ಕೆಲಸ ಆಯಿತು ಅಂತ. ಹೊರಗಿನ ಎರಡೂ ಹೀಗೆ ಬಂದವು. ಡ್ರಾಪ್ ಆರ್ಮ್ ಬಳಿ ಸುತ್ತಿಗೆ ಬೀಸಲು ಜಾಗ ಕಡಿಮೆ. ಅಲ್ಲಿ ಪುಲ್ಲರ್ ಬಿಗಿ ಮಾಡಿಟ್ಟು ಚಹಾ ಕುಡಿಯಲು ಹೋದೆ, ಬರುವಷ್ಟರಲ್ಲಿ ತಾನೇ ಬಿಟ್ಟಿತ್ತು. ಜೋರು ಮಾಡುವುದಕ್ಕಿಂತ ಒತ್ತಡ ಹಾಕಿ ಕಾಯುವುದೇ ಇಲ್ಲಿ ಚೆನ್ನಾಗಿ ನಡೆಯುತ್ತದೆ.

ರಾಡ್ ಬಿಚ್ಚುವ ಮೊದಲು ಹಳೇ ಉದ್ದ ಅಳೆದುಕೊಳ್ಳಿ. ಸ್ಟಡ್ಡಿನ ನಡುವಿನಿಂದ ಸ್ಟಡ್ಡಿನ ನಡುವಿಗೆ. ಎಂಡ್ ತಿರುಗಿಸುವಾಗ ಸುತ್ತು ಎಣಿಸುವುದೂ ಒಳ್ಳೆಯದೇ, ಆದರೆ ಹೊಸ ಎಂಡಿನ ಉದ್ದ ಹಳೆಯದರಷ್ಟೇ ಇರುತ್ತದೆ ಅಂತ ಖಾತ್ರಿ ಇಲ್ಲ. ಟೇಪಿನ ಅಳತೆಯನ್ನೇ ನಂಬಿ.

ಒಂದು ಎಂಡಿನ ಥ್ರೆಡ್ ಎಡ, ಇನ್ನೊಂದರದು ಬಲ. ರಾಡನ್ನು ತಿರುಗಿಸಿದರೆ ಎರಡೂ ಎಂಡ್ ಒಟ್ಟಿಗೇ ಒಳಗೆ ಅಥವಾ ಒಟ್ಟಿಗೇ ಹೊರಗೆ ಹೋಗಲಿ ಅಂತ ಈ ಏರ್ಪಾಡು. ಬಿಚ್ಚುವಾಗ ಇದನ್ನು ಮರೆತರೆ ಎಡ ಥ್ರೆಡ್ಡನ್ನು ಪೈಪ್ ಹಾಕಿ ಇನ್ನೂ ಬಿಗಿ ಮಾಡುತ್ತಾ ಕೂತಿರುತ್ತೀರಿ. ಬಿಡಿಭಾಗ ಕೊಳ್ಳುವಾಗಲೂ ಎರಡೂ ಬಗೆ ಸರಿಯಾಗಿ ಬಂದಿದೆಯೇ ನೋಡಿ. ಹಳೆಯದರ ಪಕ್ಕ ಇಟ್ಟು ಟೇಪರ್ ದಪ್ಪ ಹೋಲಿಸಿ. ಬೀಟಲ್ ಭಾಗಗಳಿಗೆ ಬರ ಇಲ್ಲ. ಮೆಕ್ಸಿಕೋದ ಪ್ವೆಬ್ಲಾದಲ್ಲಿ 2003ರವರೆಗೂ ಈ ಗಾಡಿ ತಯಾರಾಗುತ್ತಿತ್ತು, ಒಟ್ಟು 2 ಕೋಟಿ 15 ಲಕ್ಷಕ್ಕೂ ಜಾಸ್ತಿ. ಆದರೆ ಇಷ್ಟು ವರ್ಷದಲ್ಲಿ ಭಾಗಗಳು ಬದಲಾಗುತ್ತಲೇ ಬಂದಿವೆ. 'ಎಲ್ಲಾ ಬೀಟಲ್‌ಗೂ ಆಗುತ್ತೆ' ಅನ್ನುವ ಪೊಟ್ಟಣವನ್ನು ನಾನು ನಂಬುವುದಿಲ್ಲ.

ಹೊಸದನ್ನು ಕೂರಿಸುವಾಗ ಟೇಪರ್ ಮೇಲೆ ಗ್ರೀಸ್ ಹಚ್ಚಬಾರದು. ಎರಡೂ ಮೈ ಒಣಗಿ ಶುಚಿಯಾಗಿರಬೇಕು. ಕೆಲವು ಸಲ ನಟ್ ಬಿಗಿ ಮಾಡುವಾಗ ಸ್ಟಡ್ಡೇ ತಿರುಗುತ್ತದೆ. ಆಗ ಎಂಡಿನ ಬೆನ್ನಿಗೆ ಲಿವರ್ ಒತ್ತಿ ಟೇಪರ್ ಕಚ್ಚುವಂತೆ ಮಾಡಿದರೆ ನಿಲ್ಲುತ್ತದೆ. ಬಿಗಿ 30 ನ್ಯೂಟನ್ ಮೀಟರ್. ಅಲ್ಲಿಗೆ ಕಾಟರ್ ಪಿನ್ ತೂತು ಹೊಂದದಿದ್ದರೆ ಇನ್ನೂ ಸ್ವಲ್ಪ ಬಿಗಿ ಮಾಡಿ ಹೊಂದಿಸಬೇಕು. ಹಿಂದಕ್ಕೆ ಸಡಿಲಿಸಿ ಹೊಂದಿಸಬಾರದು. ಹಳೆಯ ಪಿನ್ ಮತ್ತೆ ಬಳಸಲೇಬಾರದು. ರಾಡಿನ ಲಾಕ್ ಮಾತ್ರ ಈಗಲೇ ಬಿಗಿ ಮಾಡಬೇಡಿ, ಟೋ, ಅಂದರೆ ಮುಂದಿನ ಎರಡು ಚಕ್ರ ಎಷ್ಟು ಒಳಮುಖವಾಗಿ ನಿಂತಿವೆ ಅನ್ನುವುದನ್ನು ಹೊಂದಿಸುವುದು ಬಾಕಿ ಇದೆ.

ನಡುಕದ ವಿಷಯಕ್ಕೆ ಬಂದರೆ, ಲಿಂಕೇಜಿಗೂ ಬೀಮಿಗೂ ನಡುವೆ ಒಂದು ಸ್ಟೀರಿಂಗ್ ಡ್ಯಾಂಪರ್ ಅಡ್ಡಲಾಗಿ ಇದೆ. ಬಿಚ್ಚಿ ಕೈಯಲ್ಲಿ ಎಳೆದು ಒತ್ತಿ ನೋಡಿದೆ. ಆರಂಭದಿಂದ ಕೊನೆವರೆಗೆ ಒಂದೇ ಸಮ ತಡೆ ಸಿಗಬೇಕು. ನನ್ನದು ನಡುವಿನಲ್ಲಿ ಪೂರ್ತಿ ಖಾಲಿ, ಎಣ್ಣೆ ಸೋರಿದ ಗುರುತೂ ಇತ್ತು. ಗಾಡಿ ಹೆಚ್ಚು ಹೊತ್ತು ನೇರ ಹೋಗುವುದರಿಂದ ಡ್ಯಾಂಪರ್ ನಡುವಿನಲ್ಲೇ ಮೊದಲು ಸವೆಯುತ್ತದೆ. ಬದಲಿಸಿದೆ. ಆದರೆ ಡ್ಯಾಂಪರ್ ಒಂದನ್ನೇ ಹಾಕಿ ನಡುಕ ನಿಲ್ಲಿಸಲು ಹೊರಡುವವರನ್ನು ಕಂಡರೆ ನನಗೆ ಸಿಟ್ಟು. ಅದು ನಡುಕವನ್ನು ಹೀರುತ್ತದೆ, ಹುಟ್ಟಿಸಿದ್ದು ಬೇರೆ ಯಾವುದೋ.

ಬಾಲ್ ಜಾಯಿಂಟ್, ಬೇರಿಂಗ್

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಯಾಕಂದರೆ ಮುಖ್ಯ ಕೆಲಸ ನನ್ನ ಕೈಯಲ್ಲಿ ಆಗುವುದಲ್ಲ. ಬಾಲ್ ಜಾಯಿಂಟನ್ನು ಟಾರ್ಷನ್ ಆರ್ಮ್ ಒಳಗೆ ಒತ್ತಿ ಕೂರಿಸಿರುತ್ತಾರೆ. ಆರ್ಮನ್ನು ಬಿಚ್ಚಿ ಹೈಡ್ರಾಲಿಕ್ ಪ್ರೆಸ್ ಇರುವ ವರ್ಕ್‌ಶಾಪಿಗೆ ಕೊಟ್ಟೆ. ವೈಸ್ ಮತ್ತು ಸುತ್ತಿಗೆಯಲ್ಲಿ ಮಾಡುವ ಸಾಹಸ ಬೇಡ, ತೂತು ದೊಡ್ಡದಾದರೆ ಓವರ್‌ಸೈಜ್ ಜಾಯಿಂಟ್ ಹುಡುಕಬೇಕಾಗುತ್ತದೆ.

ಬಿಚ್ಚುವಾಗ ನೋಡಿಕೊಳ್ಳಬೇಕಾದದ್ದು ಎರಡು. ಮೇಲಿನ ಬಾಲ್ ಜಾಯಿಂಟಿನ ಸ್ಟಡ್ ನಕಲ್ ಒಳಗೆ ಹೋಗುವ ಜಾಗದಲ್ಲಿ ಒಂದು ಎಕ್ಸೆಂಟ್ರಿಕ್ ಬುಷ್ (ತೂತು ನಡುವಿನಲ್ಲಿಲ್ಲದ ಬುಷ್) ಇದೆ. ಕ್ಯಾಂಬರ್, ಅಂದರೆ ಚಕ್ರ ಮೇಲ್ಗಡೆ ಒಳಗೋ ಹೊರಗೋ ವಾಲಿರುವ ಕೋನ, ಹೊಂದಿಸುವುದು ಅದನ್ನು ತಿರುಗಿಸಿಯೇ. ಅದರ ಕಚ್ಚು ಮುಂದಕ್ಕೆ ಮುಖ ಮಾಡಿರಬೇಕು. ಅದು ಎಲ್ಲಿದೆಯೋ ಅಲ್ಲಿ ಗುರುತು ಹಾಕಿ ಆಮೇಲೆ ಮುಟ್ಟಿ. ಇನ್ನೊಂದು, ಆ್ಯಂಟಿ ರೋಲ್ ಬಾರ್ ಅನ್ನು ಕೆಳಗಿನ ಆರ್ಮ್‌ಗೆ ಹಿಡಿದಿರುವ ತಗಡಿನ ಕ್ಲಿಪ್. ತೆಗೆಯುವುದು ಸುಲಭ, ಮತ್ತೆ ಹಾಕುವುದು ಶಿಕ್ಷೆ. ಹೊಸ ಕ್ಲಿಪ್ ಸೆಟ್ ಮೊದಲೇ ತಂದಿಟ್ಟುಕೊಂಡರೆ ಬೈಗುಳ ಕಡಿಮೆಯಾಗುತ್ತದೆ.

ಎಡ ಚಕ್ರದ ಬೇರಿಂಗ್ ನಟ್ಟಿಗೂ ಎಡ ಥ್ರೆಡ್. ಸ್ಪೀಡೋಮೀಟರ್ ಕೇಬಲ್ ಅದೇ ಆಕ್ಸಲ್ ಒಳಗಿಂದ ಬಂದು ಗ್ರೀಸ್ ಕ್ಯಾಪಿಗೆ ಸಿಕ್ಕಿಕೊಂಡಿರುತ್ತದೆ. ಕ್ಯಾಪ್ ಹೊರಗಿನ ಸಣ್ಣ ಪಿನ್ ತೆಗೆಯದೆ ಕ್ಯಾಪ್ ಎಳೆಯಬೇಡಿ. ಬೇರಿಂಗ್ ಪ್ಲೇ 0.03ರಿಂದ 0.12 ಮಿಲಿಮೀಟರ್ ಒಳಗೆ. ಚಕ್ರ ತಿರುಗಿಸುತ್ತಾ ನಟ್ ಬಿಗಿ ಮಾಡಿ, ಆಮೇಲೆ ವಾಷರನ್ನು ಸ್ಕ್ರೂಡ್ರೈವರ್ ತುದಿಯಿಂದ ತಳ್ಳಿದರೆ ಪಕ್ಕಕ್ಕೆ ಜರುಗುವಷ್ಟು ಸಡಿಲಿಸಿದೆ. ನಟ್ಟಿನ ಕ್ಲಾಂಪ್ ಸ್ಕ್ರೂ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಚಕ್ರ ಗಾಳಿಯಲ್ಲಿರುವಾಗಲೇ ಬೀಮಿನ ನಾಲ್ಕು ನಿಪ್ಪಲ್‌ಗೂ ಗ್ರೀಸ್ ಹೊಡೆದೆ, ಅಂಚಿನಿಂದ ಹೊಸ ಗ್ರೀಸ್ ಕಾಣುವವರೆಗೆ.

ಕಪ್ಲಿಂಗ್ ಮತ್ತು ಹಾರ್ನ್

ಕಾಲಂ ಮತ್ತು ಬಾಕ್ಸ್ ನಡುವಿನ ಕಪ್ಲಿಂಗ್ ರಬ್ಬರ್ ಮತ್ತು ಬಟ್ಟೆಯ ಬಿಲ್ಲೆ. ರಸ್ತೆಯ ಅದುರು ಕೈಗೆ ಬರದಂತೆ ತಡೆಯುವುದು ಅದರ ಕೆಲಸ. ಬಿರುಕು ಬಿಟ್ಟರೆ ಅಲ್ಲೂ ಪ್ಲೇ. ಪೆಟ್ರೋಲ್ ಟ್ಯಾಂಕ್ ಎತ್ತಿದರೆ ಕೈ ಆಡಲು ಜಾಗ ಸಿಗುತ್ತದೆ. ಟ್ಯಾಂಕನ್ನು ಹಿಡಿದಿರುವುದು ನಾಲ್ಕು ಮೂಲೆಯ ಬೋಲ್ಟ್. ಹಿಂದಿನ ಸೀಟಿನ ಕೆಳಗಿನ ಬ್ಯಾಟರಿ ಕಳಚಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಬಯಲಲ್ಲಿ ಈ ಕೆಲಸ ಮಾಡಿದೆ.

ಹಾರ್ನಿನ ಗುಟ್ಟು ಇಲ್ಲಿತ್ತು. ರಬ್ಬರ್ ಬಿಲ್ಲೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಹಾರ್ನ್ ಬಟನ್‌ನ ಅರ್ತ್‌ಗೆ ಕಪ್ಲಿಂಗ್ ದಾಟಿಸುವ ಒಂದು ಸಣ್ಣ ವೈರ್ ಇದೆ. ನನ್ನ ಗಾಡಿಯಲ್ಲಿ ಅದು ಒಂದೆರಡು ಎಳೆಯ ಮೇಲೆ ನೇತಾಡುತ್ತಿತ್ತು. ಹೊಸ ಕಪ್ಲಿಂಗ್ ಜೊತೆ ಹೊಸ ವೈರ್ ಹಾಕಿದೆ, ಹಾರ್ನ್ ಸರಿಯಾಯಿತು.

ಕೊನೆಗೂ ಬಾಕ್ಸ್

ಇಷ್ಟೆಲ್ಲ ಆದ ಮೇಲೆ ವೀಲಿನ ಪ್ಲೇ ಅಳೆದೆ. 45 ಇದ್ದದ್ದು 20 ಮಿಲಿಮೀಟರ್‌ಗೆ ಇಳಿದಿತ್ತು, ಬಾಕ್ಸಿನ ಒಂದು ಸ್ಕ್ರೂ ಕೂಡ ಮುಟ್ಟದೆ. ಉಳಿದದ್ದು ಮಾತ್ರ ಬಾಕ್ಸಿನದು.

ಬಾಕ್ಸಿನಲ್ಲಿ ಹೊಂದಾಣಿಕೆ ಎರಡು. ವರ್ಮ್ ಹಿಂದೆ ಮುಂದೆ ಜರುಗದಂತೆ ಹಿಡಿಯುವ ದೊಡ್ಡ ಅಡ್ಜಸ್ಟರ್ ಒಂದು. ರೋಲರನ್ನು ವರ್ಮ್ ಕಡೆ ಒತ್ತುವ ಮೇಲಿನ ಸ್ಕ್ರೂ ಇನ್ನೊಂದು. ಎಲ್ಲರೂ ಮುಟ್ಟುವುದು ಎರಡನೆಯದನ್ನೇ, ಆದರೆ ವರ್ಮ್ ಸಡಿಲ ಇದ್ದರೆ ಮೇಲಿನ ಸ್ಕ್ರೂ ಎಷ್ಟು ತಿರುಗಿಸಿದರೂ ಉಪಯೋಗವಿಲ್ಲ. ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಕಪ್ಲಿಂಗ್ ಬಳಿ ಶಾಫ್ಟನ್ನು ಕೈಯಲ್ಲಿ ಆಡಿಸುತ್ತಾ, ಸಡಿಲ ಮಾಯವಾಗುವಷ್ಟು ಮಾತ್ರ ವರ್ಮ್ ಅಡ್ಜಸ್ಟರ್ ಬಿಗಿ ಮಾಡಿದೆ. ಆಮೇಲೆ ವೀಲನ್ನು ನೇರದಿಂದ 90 ಡಿಗ್ರಿ ಪಕ್ಕಕ್ಕೆ ತಿರುಗಿಸಿ ರೋಲರ್ ಸ್ಕ್ರೂ. ಲಾಕ್ ನಟ್ ಬಿಚ್ಚಿ, ಸ್ಕ್ರೂ ಒಂದು ಸುತ್ತು ಹಿಂದಕ್ಕೆ ತೆಗೆದು, ರೋಲರ್ ವರ್ಮ್‌ಗೆ ತಾಗುವುದು ಕೈಗೆ ತಿಳಿಯುವಲ್ಲಿಗೆ ತಂದು ನಿಲ್ಲಿಸಿದೆ. ಸ್ಕ್ರೂ ತಿರುಗದಂತೆ ಹಿಡಿದು ನಟ್ ಬಿಗಿ, 25 ನ್ಯೂಟನ್ ಮೀಟರ್. ಇನ್ನೊಂದು ಬದಿಗೂ 90 ಡಿಗ್ರಿ ತಿರುಗಿಸಿ ಬಿಗಿತ ನೋಡಬೇಕು.

ಹಿಂದೆ ಯಾರೋ ಈ ಸ್ಕ್ರೂವನ್ನು ಅತಿಯಾಗಿ ಒಳಗೆ ಕಳಿಸಿದ್ದರು ಅಂತ ಆಗಲೇ ಖಚಿತವಾಯಿತು. ನಾನು ನಿಲ್ಲಿಸಿದ ಜಾಗ ಅವರ ಜಾಗಕ್ಕಿಂತ ಹೊರಗಿತ್ತು. ಆದರೂ ಪ್ಲೇ ಕಡಿಮೆ. ಬಾಕ್ಸಿನ ಎಣ್ಣೆಯೂ ತಳ ಮುಟ್ಟಿತ್ತು. ಈ ವರ್ಮ್ ರೋಲರ್ ಬಾಕ್ಸಿಗೆ 90 ನಂಬರಿನ ಗೇರ್ ಆಯಿಲ್ 160 ಸಿಸಿ ಹಿಡಿಯುತ್ತದೆ.

ಇನ್ನು ಟೋ. ಲೆಕ್ಕ ಎರಡೂ ಚಕ್ರ ಸೇರಿ 30 ಮಿನಿಟ್ ಟೋ ಇನ್, ಅಂದರೆ ಅರ್ಧ ಡಿಗ್ರಿ, 15 ಮಿನಿಟ್ ಆಚೀಚೆ ನಡೆಯುತ್ತದೆ. ಇದನ್ನು ಮಿಲಿಮೀಟರಿಗೆ ಇಳಿಸುವಾಗ ಎಲ್ಲಿ ಅಳೆಯುತ್ತೀರಿ ಅನ್ನುವುದು ಮುಖ್ಯ. ರಿಮ್ ಅಂಚಿನಲ್ಲಿ, ಸುಮಾರು 400 ಮಿಲಿಮೀಟರ್ ಅಂತರಕ್ಕೆ, ಅರ್ಧ ಡಿಗ್ರಿ ಅಂದರೆ 3.5 ಮಿಲಿಮೀಟರ್. ನಾನು ಎರಡು ನೆಟ್ಟನೆಯ ಅಲ್ಯೂಮಿನಿಯಂ ಪಟ್ಟಿಗಳನ್ನು ಟೈರಿನ ಹೊರ ಮೈಗೆ ಆನಿಸಿ, 800 ಮಿಲಿಮೀಟರ್ ಅಂತರದಲ್ಲಿ ಗುರುತು ಹಾಕಿ, ಮುಂದೂ ಹಿಂದೂ ಟೇಪ್ ಹಿಡಿದೆ. ಅಲ್ಲಿ ಅದೇ ಅರ್ಧ ಡಿಗ್ರಿಗೆ 7 ಮಿಲಿಮೀಟರ್ ಬರುತ್ತದೆ. ಅಂತರ ಜಾಸ್ತಿ ಇದ್ದಷ್ಟೂ ಟೇಪ್ ಓದುವಾಗಿನ ತಪ್ಪಿನ ಪರಿಣಾಮ ಕಡಿಮೆ. ಪಟ್ಟಿಯನ್ನು ಟೈರ್ ನೆಲಕ್ಕೆ ಒತ್ತಿ ಉಬ್ಬಿರುವ ಜಾಗಕ್ಕಿಂತ ಮೇಲೆ ಹಿಡಿಯಬೇಕು. ಗಾಡಿಯನ್ನು ಅರ್ಧ ಸುತ್ತು ಮುಂದಕ್ಕೆ ಉರುಳಿಸಿ ಮತ್ತೆ ಅಳೆದು ಸರಾಸರಿ ತೆಗೆದರೆ ರಿಮ್‌ನ ಸೊಟ್ಟ ಲೆಕ್ಕಕ್ಕೆ ಬರುವುದಿಲ್ಲ.

ಹೊಂದಿಸುವ ಮೊದಲು ಬಾಕ್ಸ್ ತನ್ನ ನಡುವಿನಲ್ಲಿ ಇರಬೇಕು. ಬಾಕ್ಸಿನ ಶಾಫ್ಟ್ ಮೇಲೆ ಅದಕ್ಕೆಂದೇ ಒಂದು ಗುರುತಿನ ಉಂಗುರ ಇದೆ. ಅದನ್ನು ಹೊಂದಿಸಿ, ಆಮೇಲೆ ಎರಡೂ ರಾಡಿನಲ್ಲಿ ಹಂಚಿ ತಿರುಗಿಸಿದೆ. ವೀಲಿನ ಕಡ್ಡಿ ಸೊಟ್ಟ ನಿಂತಿದೆ ಅಂತ ವೀಲನ್ನೇ ಬಿಚ್ಚಿ ಬೇರೆ ಹಲ್ಲಿಗೆ ಕೂರಿಸುವವರಿದ್ದಾರೆ. ಹಾಗೆ ಮಾಡಿದರೆ ನೇರ ಹೋಗುವಾಗ ಬಾಕ್ಸ್ ತನ್ನ ನಡುವಿನಲ್ಲಿ ಇರುವುದಿಲ್ಲ. ಕೊನೆಗೆ ರಾಡಿನ ಲಾಕ್ ಬಿಗಿ ಮಾಡುವಾಗ ಎರಡೂ ಎಂಡ್ ಒಂದೇ ಸಮತಲದಲ್ಲಿ ಇವೆಯೇ ನೋಡಿ. ಒಂದು ವಾಲಿದ್ದರೆ ಚಕ್ರ ಏರಿಳಿಯುವಾಗ ಅದರ ಕುತ್ತಿಗೆ ಅಂಚಿಗೆ ಬಡಿಯುತ್ತದೆ.

ರಸ್ತೆಗೆ ಒಯ್ದಾಗ ಮೊದಲು ನೋಡಿದ್ದು ವೀಲ್ ತಾನಾಗಿ ವಾಪಸ್ ಬರುತ್ತದೆಯೇ ಅಂತ. ನಿಧಾನಕ್ಕೆ, 15ರಿಂದ 20 ಕಿಲೋಮೀಟರ್ ವೇಗದಲ್ಲಿ ತಿರುವು ತೆಗೆದು ಕೈ ಸಡಿಲ ಬಿಟ್ಟರೆ, ವೀಲ್ ನೇರದಿಂದ 45 ಡಿಗ್ರಿ ಒಳಗೆ ಬಂದು ನಿಲ್ಲಬೇಕು. ಬರದಿದ್ದರೆ ರೋಲರ್ ಬಿಗಿ ಜಾಸ್ತಿಯಾಗಿದೆ ಅಂತ ಅರ್ಥ, ಆ ಗಾಡಿಯನ್ನು ಹಾಗೇ ಓಡಿಸಬಾರದು. ನನ್ನದು ಸಲೀಸಾಗಿ ಬಂತು. ನಡುಕ ಇಲ್ಲ. ವೀಲಿನ ಅಂಚಿನಲ್ಲಿ ಈಗ ಸುಮಾರು 12 ಮಿಲಿಮೀಟರ್ ಪ್ಲೇ ಉಳಿದಿದೆ. ಅದನ್ನು ಸೊನ್ನೆ ಮಾಡುವ ಆಸೆ ನನಗಿಲ್ಲ, ಈ ಬಾಕ್ಸಿಗೆ ಅಷ್ಟು ಬೇಕು.

ಒಂದಷ್ಟು ಓಡಿಸಿದ ಮೇಲೆ ಎಲ್ಲ ನಟ್ ಮತ್ತೆ ಪರೀಕ್ಷಿಸಿದೆ, ಟೋ ಮತ್ತೆ ಅಳೆದೆ. ಅಳತೆ ಕದಲಿಲ್ಲ. ಡ್ರಾಪ್ ಆರ್ಮ್ ಶಾಫ್ಟಿನ ಸೀಲ್ ಮಾತ್ರ ಒದ್ದೆಯಾಗುತ್ತಿದೆ. ಡ್ರಾಪ್ ಆರ್ಮ್ ಎಳೆಯುವ ಗಟ್ಟಿ ಪುಲ್ಲರ್ ಸಿಕ್ಕಿದ ಮೇಲೆ ಅದನ್ನು ಬದಲಿಸಬೇಕು. ಅಲ್ಲಿಯವರೆಗೆ ಬಾಕ್ಸಿನ ಎಣ್ಣೆ ಮಟ್ಟವನ್ನು ಆಗಾಗ ನೋಡುತ್ತಿದ್ದೇನೆ.